ನಕ್ಷೆಯ ಗೆರೆ, ಮಾಳಮಡ್ಡಿಯ ಅಂಗಳ

2025ರ ಜನವರಿ 2ರಂದು ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಕೊಡಲು ಒಪ್ಪಿತು. 82 ವಾರ್ಡ್‌ಗಳ ಪೈಕಿ 26 ಧಾರವಾಡಕ್ಕೆ, ಉಳಿದ 56 ಹುಬ್ಬಳ್ಳಿಗೆ ಎಂಬ ಹಂಚಿಕೆಯೂ ಆಯಿತು. 1962ರಲ್ಲಿ ಎರಡು ಊರುಗಳನ್ನು ಒಂದೇ ಪಾಲಿಕೆಯ ಸೂರಿನಡಿ ತಂದ ಪ್ರಯೋಗ ಅರವತ್ತು ವರ್ಷ ದಾಟಿ ಇಲ್ಲಿಗೆ ಬಂದು ನಿಂತಿದೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರು ಕೂತು ಹೊಲ, ಮನೆ, ಸಾಲದ ಲೆಕ್ಕ ಹಾಕುತ್ತಾರಲ್ಲ, ಹಾಗೆ ಆಸ್ತಿ, ಸಿಬ್ಬಂದಿ, ಬಾಕಿ, ವಾಹನಗಳ ಪಟ್ಟಿ ಮಾಡಲೇಬೇಕು. ಆದರೆ ಆ ಪಟ್ಟಿಗೆ ಸೇರದ ಲೆಕ್ಕವೊಂದಿದೆ. ನಗರ ಯೋಜನೆಯ ಹೆಸರಿನಲ್ಲಿ ಇಷ್ಟು ವರ್ಷ ಎಳೆದ ಗೆರೆಗಳಿಂದ ಒಂದು ಸಾಧಾರಣ ಮನೆಯ ದಿನಚರಿ ಏನಾಯಿತು? ಇಡೀ ಅವಳಿನಗರಕ್ಕೆ ಇದನ್ನು ಹರಡಿದರೆ ಮಾತು ತೆಳುವಾದೀತು. ಧಾರವಾಡದ ಹಳೆಯ ಬಡಾವಣೆ ಮಾಳಮಡ್ಡಿಯಲ್ಲಿ ನಿಂತು ನೋಡೋಣ.

ಮಾಳಮಡ್ಡಿಯೇ ಏಕೆಂದರೆ ಅದು ಇಂದಿನ ಯೋಜನಾ ಕಾಯ್ದೆಗಿಂತ ಹಳೆಯದು. ಕಾಯ್ದೆ ಬರುವ ಮುಂಚೆ ಬದುಕು ಹೇಗಿತ್ತು, ಬಂದ ಮೇಲೆ ಹೇಗಾಯಿತು ಎಂಬುದು ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಧಾರವಾಡದ ಪುರಸಭೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. 1888ರಲ್ಲಿ ರೈಲು ಬಂತು. ಸದರ್ನ್ ಮರಾಠಾ ರೈಲ್ವೆ ಕಂಪನಿ ತನ್ನ ಮುಖ್ಯ ಕಚೇರಿಯನ್ನೇ ಇಲ್ಲಿ ಇಟ್ಟುಕೊಂಡಿತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಕೂಡಿದಾಗ ಕಚೇರಿ ಮದ್ರಾಸಿಗೆ ಹೋಯಿತು, ಕಟ್ಟಡ ಉಳಿಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ನೆಲೆನಿಂತದ್ದು ಅದೇ ಕಟ್ಟಡದಲ್ಲಿ. ಒಂದು ಕಡೆ ರೈಲು ನಿಲ್ದಾಣ, ಇನ್ನೊಂದು ಕಡೆ ಕಾಲೇಜು, ಕೋರ್ಟು, ಕಚೇರಿಗಳು. ಇವುಗಳಿಗೆ ನಡೆದು ಹೋಗಿ ಬರುವಷ್ಟು ದೂರದಲ್ಲಿ ಮಾಸ್ತರರು, ವಕೀಲರು, ಕಾರಕೂನರು ಮನೆ ಕಟ್ಟಿಕೊಂಡರು. ಗುಂಟೆಗಳ ಲೆಕ್ಕದ ಜಾಗ, ಕೆಂಪು ಹಂಚು, ಮುಂದೆ ಕಟ್ಟೆ, ಒಳಗೆ ಪಡಸಾಲಿ, ಹಿತ್ತಲಲ್ಲಿ ಬಾವಿ, ಬಾವಿಯ ಬದಿಗೆ ಕರಿಬೇವು, ತೆಂಗು, ಪಾರಿಜಾತ. ಕೆ. ಇ. ಬೋರ್ಡಿನ ಶಾಲೆ ಅಲ್ಲೇ, ವನವಾಸಿ ರಾಮಮಂದಿರ ಅಲ್ಲೇ, ಕಾಯಿಪಲ್ಲೆ ತರುವವರು ಬಾಗಿಲಿಗೇ ಬರುತ್ತಿದ್ದರು. ಮಗು ಶಾಲೆಗೆ ಒಬ್ಬಂಟಿಯಾಗಿ ನಡೆದು ಹೋಗುತ್ತಿತ್ತು, ಅಜ್ಜ ಸಂಜೆ ಕೀರ್ತನೆಗೆ ನಡೆದು ಹೋಗುತ್ತಿದ್ದರು. ದೂರವನ್ನು ಕಾಲಿನಿಂದ ಅಳೆದು ಕಟ್ಟಿದ ಊರು ಅದು.

ಇದನ್ನು ಹೇಳುವಾಗ ಕಣ್ಣು ತೇವವಾಗುವವರು ಧಾರವಾಡದಲ್ಲಿ ಬಹಳ ಮಂದಿ ಇದ್ದಾರೆ. ಅವರ ಹಳಹಳಿ ಸುಳ್ಳಲ್ಲ. ಆದರೂ ಆ ಅಂಗಳದ ವಿಸ್ತಾರ ಎಲ್ಲರಿಗೂ ಸಿಕ್ಕಿರಲಿಲ್ಲ ಎಂಬ ಮಾತನ್ನು ಈ ಲೆಕ್ಕದಲ್ಲಿ ಬರೆಯದೆ ಹೋದರೆ ಅಪಚಾರವಾಗುತ್ತದೆ. ಯಾರಿಗೆ ಮನೆ ಕೊಡಬೇಕು, ಯಾರಿಗೆ ಬಾಡಿಗೆಗೂ ಕೊಡಬಾರದು ಎಂಬುದನ್ನು ಅಂದು ಯಾವ ವಲಯ ನಿಯಮವೂ ಹೇಳಬೇಕಿರಲಿಲ್ಲ. ಜಾತಿ ಅದನ್ನು ಮೊದಲೇ ಹೇಳಿ ಮುಗಿಸಿತ್ತು. ಆ ಕಾಲದ ಊರುಗಳಲ್ಲಿ ಮನೆಯ ಹಿಂದಿನ ಸಣ್ಣ ಗಲ್ಲಿ ಮಲ ಹೊರುವವರ ದಾರಿ. ಆ ದಾರಿಯಲ್ಲಿ ಬಂದವರಿಗೆ ಮುಂಬಾಗಿಲು ಕಂಡೇ ಇರಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕ ನಿಲ್ಲಿಸಿದ್ದು 1970ರ ದಶಕದಲ್ಲಿ, ಸಚಿವ ಬಿ. ಬಸವಲಿಂಗಪ್ಪನವರ ಹಟದಿಂದ. ಊರಿನ ಕೊಳೆ ತೆಗೆದ ಮಂದಿಗೆ, ಕಟ್ಟಡ ಕಟ್ಟಿದ ಮಂದಿಗೆ ಧಾರವಾಡ ಕೊಟ್ಟದ್ದು ಲಕ್ಷ್ಮೀಸಿಂಗನಕೇರಿಯಂಥ ಇಕ್ಕಟ್ಟು. ಹಳೆಯ ಮಾಳಮಡ್ಡಿಯನ್ನು ಹಾಗೆಯೇ ಮರಳಿ ತನ್ನಿ ಎಂದು ನಾವು ಕೇಳುತ್ತಿಲ್ಲ. ಅಲ್ಲಿ ಕೆಲವರಿಗೆ ದಕ್ಕಿದ್ದ ಗಾಳಿ, ನೆರಳು, ನಡೆಯುವ ದಾರಿ ಎಲ್ಲ ಓಣಿಗಳಿಗೂ ದಕ್ಕಬೇಕು ಎಂದು ಕೇಳುತ್ತಿದ್ದೇವೆ. ನಗರ ಯೋಜನೆಯ ಕಾಯ್ದೆಗಳು ಮಾಡಬೇಕಾಗಿದ್ದ ಕೆಲಸವೂ ಅದೇ.

ಕಾಯ್ದೆಗಳಿಗೇನೂ ಕೊರತೆ ಇರಲಿಲ್ಲ. ಮುಂಬೈ ಪ್ರಾಂತ್ಯ 1915ರಲ್ಲೇ ನಗರ ಯೋಜನಾ ಕಾಯ್ದೆ ತಂದಿತು. ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಭಾರತದ ಊರುಗಳನ್ನು ಓಣಿ ಓಣಿ ಸುತ್ತಿ ವರದಿ ಬರೆಯುತ್ತಿದ್ದರು. ನಮ್ಮ ಬಳ್ಳಾರಿಯೂ ಅವರ ಪಟ್ಟಿಯಲ್ಲಿತ್ತು. ಹಳೆಯ ಓಣಿಯನ್ನು ಒಡೆದು ಅಗಲ ರಸ್ತೆ ಹಾಕುವ ಬದಲು, ಬಿದ್ದ ಮನೆಯ ಜಾಗವನ್ನು ಬಯಲು ಮಾಡಿ, ಬಾವಿ ಶುಚಿ ಮಾಡಿ, ಗಿಡ ನೆಟ್ಟು ಅಲ್ಪಸ್ವಲ್ಪ ಕೈಯಾಡಿಸಿದರೆ ಸಾಕು ಎಂಬುದು ಅವರ ವಾದ. ಖರ್ಚೂ ಕಡಿಮೆ, ಯಾರೂ ಮನೆ ಕಳೆದುಕೊಳ್ಳುವುದೂ ಇಲ್ಲ. ಆ ಬುದ್ಧಿಮಾತು ವರದಿಗಳಲ್ಲೇ ಉಳಿಯಿತು. ಏಕೀಕರಣದ ನಂತರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು, 1965ರಿಂದ ಜಾರಿಯಾಯಿತು. 1987ರ ಕಾಯ್ದೆಯಡಿ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಎಲ್ಲರ ಬಾಯಲ್ಲಿ ‘ಹುಡಾ’, ನವನಗರದಲ್ಲಿ ಕಚೇರಿ ತೆರೆಯಿತು.

ಅಲ್ಲಿಂದ ಊರು ಬಣ್ಣಗಳ ನಕ್ಷೆಯಾಯಿತು. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಮಾಳಮಡ್ಡಿಯ ಮನೆಗಳ ಮೇಲೆ ಹಳದಿ ಬಿತ್ತು. ಹಳದಿ ಬಿದ್ದರೆ ಮನೆ ಸುರಕ್ಷಿತ ಎಂದು ಜನ ತಿಳಿದರು. ಆದರೆ ಆ ಬಣ್ಣ ಜಾಗದ ಬಳಕೆಯನ್ನಷ್ಟೇ ಹೇಳುತ್ತದೆ. ಬಾವಿ ಉಳಿಯಬೇಕೇ, ಗಿಡ ಉಳಿಯಬೇಕೇ, ಪಕ್ಕದ ಮನೆಗೆ ಬಿಸಿಲು ಬೀಳಬೇಕೇ ಎಂಬುದು ಅದಕ್ಕೆ ಗೊತ್ತಿಲ್ಲ. ಎಷ್ಟು ಎತ್ತರ ಕಟ್ಟಬಹುದೆಂಬುದನ್ನು ನಿರ್ಧರಿಸುವುದು ಬೇರೆ ಕೋಷ್ಟಕ. ನಿವೇಶನ ದೊಡ್ಡದಾದಷ್ಟೂ, ಎದುರಿನ ರಸ್ತೆ ಅಗಲವಾದಷ್ಟೂ ಕಟ್ಟಲು ಸಿಗುವ ಚದರಡಿ ಹೆಚ್ಚು. ನಮ್ಮ ವಲಯ ನಿಯಮಗಳ ಮೂಲ ಲೆಕ್ಕ ಇದು. ಇದನ್ನು ಮಾಳಮಡ್ಡಿಗೆ ಹಚ್ಚಿ ನೋಡಿ. ಅಜ್ಜ ಮಾಡಿಟ್ಟ ಹತ್ತು ಗುಂಟೆ, ಎದುರಿಗೆ ಆಗಿನ ಕಾಲದ ಧಾರಾಳ ರಸ್ತೆ. ಯಾವ ಅಂಗಳ ದೊಡ್ಡದೋ ಅದೇ ಮೊದಲು ಬಿಲ್ಡರನ ಕಣ್ಣಿಗೆ ಬೀಳುವಂತೆ ನಿಯಮವೇ ಏರ್ಪಾಡು ಮಾಡಿಕೊಟ್ಟಿದೆ.

ಆಮೇಲಿನದು ಮನೆಮನೆಯ ಕಥೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ. ಉತಾರದಲ್ಲಿ ನಾಲ್ಕೈದು ಹೆಸರು. ಹಂಚು ತಿರುವಿ ಹಾಕಲು ಆಳು ಸಿಗುವುದಿಲ್ಲ, ಮಳೆಗಾಲದಲ್ಲಿ ಪಡಸಾಲಿಯಲ್ಲಿ ಬುಟ್ಟಿ ಇಟ್ಟು ಸೋರುವ ನೀರು ಹಿಡಿಯಬೇಕು. ಪಾಲು ಮಾಡಿ ಹಂಚಿಕೊಂಡರೆ ಯಾರಿಗೂ ಮನೆಯಾಗದು, ಬಿಲ್ಡರನಿಗೆ ಕೊಟ್ಟರೆ ಎಲ್ಲರಿಗೂ ಒಂದೊಂದು ಫ್ಲ್ಯಾಟು. ಹಾಗೆ ಕೊಟ್ಟವರನ್ನು ದೂರಲು ನಮಗೆ ಮನಸ್ಸಿಲ್ಲ, ದೂರಬಾರದು ಕೂಡ. ಒಂದು ಮನೆಯಿದ್ದ ಜಾಗದಲ್ಲಿ ಹತ್ತು ಕುಟುಂಬ ಬಾಳುವುದು ಒಳ್ಳೆಯದೇ. ಮೇಲೆ ಹೇಳಿದ ಜಾತಿಯ ಬೇಲಿಗೂ ಅಪಾರ್ಟ್‌ಮೆಂಟಿನ ಮಾರುಕಟ್ಟೆ ಸ್ವಲ್ಪ ತೂತು ಕೊರೆದಿದೆ. ಆದರೆ ಹತ್ತು ಕುಟುಂಬಗಳ ಮಲಿನ ನೀರು ಒಂದು ಕುಟುಂಬಕ್ಕೆಂದು ತೋಡಿದ ಗಟಾರದಲ್ಲೇ ಹರಿಯುತ್ತದೆ. ಹತ್ತು ಕಾರುಗಳಲ್ಲಿ ನಾಲ್ಕು ರಸ್ತೆಯಲ್ಲೇ ರಾತ್ರಿ ಕಳೆಯುತ್ತವೆ. ಹಿತ್ತಲ ಬಾವಿ ಮುಚ್ಚಿ ಅದರ ಬದಿಗೇ ಬೋರು ಕೊರೆಯುತ್ತಾರೆ. ರಸ್ತೆಗೆ ಕಾಂಕ್ರೀಟು ಹಾಕಿ ಹಾಕಿ ಎತ್ತರವಾಗಿ, ಉಳಿದ ಹಳೆಯ ಮನೆಯ ಅಂಗಳ ತಗ್ಗಾಗುತ್ತದೆ. ಜೋರು ಮಳೆಗೆ ಕಟ್ಟೆ ದಾಟಿ ನೀರು ಒಳಗೆ ಬರುತ್ತದೆ. ಕಟ್ಟಲು ಅನುಮತಿ ಕೊಟ್ಟ ಕೈ ಬೇರೆ, ಗಟಾರ ಕಟ್ಟುವ ಕೈ ಬೇರೆ, ರಸ್ತೆ ಮಾಡುವ ಕೈ ಬೇರೆ, ನೀರು ಬಿಡುವ ಕೈ ಬೇರೆ. ಆ ಕೈಗಳು ಒಂದನ್ನೊಂದು ಮುಟ್ಟಿ ಮಾತಾಡಿಸಲೇ ಇಲ್ಲ. ಅರವತ್ತು ವರ್ಷಗಳ ಮೊದಲ ದೊಡ್ಡ ಬಾಕಿ ಎಂದು ನಾವು ಬರೆದುಕೊಳ್ಳುವುದು ಇದನ್ನು.

ವಸತಿ, ವಾಣಿಜ್ಯ ಎಂದು ಬಣ್ಣ ಬೇರ್ಪಡಿಸುವುದು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದೂ ಈ ಊರಿಗೆ ಇನ್ನೂ ಬಗೆಹರಿದಿಲ್ಲ. ಸಪ್ತಾಪುರವನ್ನು ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಂದ ಆ ಬಡಾವಣೆಯ ಚಹರೆಯೇ ಬದಲಾಗಿದೆ. ಮನೆಯ ಮೇಲೆ ಮಹಡಿ, ಮಹಡಿಯ ಮೇಲೆ ಪಿಜಿ, ಕೆಳಗೆ ಓದುವ ಕೋಣೆ, ಪಕ್ಕದಲ್ಲಿ ಖಾನಾವಳಿ, ಝೆರಾಕ್ಸ್ ಅಂಗಡಿ. ಮಾಳಮಡ್ಡಿಯ ಓಣಿಗಳಿಗೂ ಅದರ ಅಂಚು ತಾಕುತ್ತಿದೆ. ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಹೆಣ್ಣುಮಗಳು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಸಂಜೆ ಸಂಗೀತ ಕಲಿಸುವ ಗುರುಗಳು ಇವರೆಲ್ಲ ಹಳದಿ ಬಣ್ಣದೊಳಗೆ ದುಡಿಯುವವರು. ಅವರನ್ನು ಕಾಯ್ದೆ ಹೆದರಿಸಬಾರದು. ಕಿರಿದಾದ ಮೆಟ್ಟಿಲು, ಒಂದೇ ಬಾಗಿಲು, ಇಕ್ಕಟ್ಟಿನ ಕೋಣೆಗಳಲ್ಲಿ ಹತ್ತಾರು ಮಂದಿಯನ್ನು ತುಂಬಿ ಬಾಡಿಗೆ ಎಣಿಸುವ ಕಟ್ಟಡವನ್ನು ಹೆದರಿಸಲೇಬೇಕು. ನಡೆದದ್ದು ಹೆಚ್ಚಾಗಿ ತಿರುಗುಮುರುಗು. ಸಣ್ಣವರಿಗೆ ನೋಟೀಸು, ದೊಡ್ಡವರಿಗೆ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳುವ ಭರವಸೆ.

ಆ ಭರವಸೆಗೆ ಒಂದು ಹೆಸರೇ ಇತ್ತು, ಅಕ್ರಮ-ಸಕ್ರಮ. ವಸತಿ ಕಟ್ಟಡದಲ್ಲಿ ಶೇ 50ರವರೆಗೆ, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗೆ ನಿಯಮ ಮೀರಿದ್ದರೂ ಹಣ ಕಟ್ಟಿಸಿಕೊಂಡು ಒಪ್ಪುವ ಯೋಜನೆ. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕೋರ್ಟಿನಲ್ಲಿ ಏನೇ ಆಗಲಿ, ಮೊದಲು ಕಟ್ಟಿ ಆಮೇಲೆ ನೋಡಿಕೊಂಡರಾಯಿತು ಎಂಬ ಧೈರ್ಯ ಊರಿಗೆ ಬಂದುಬಿಟ್ಟಿತ್ತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಲೇ ಇದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳು ತೆರೆದಿದ್ದವು, ಮೇಲೆ ಕೆಲಸ ನಡೆದಿತ್ತು. ದಿನಗಟ್ಟಲೆ ಊರು ಆ ಅವಶೇಷದ ಸುತ್ತ ಉಸಿರು ಹಿಡಿದು ನಿಂತಿತ್ತು. ವಲಯ, ಸೆಟ್‌ಬ್ಯಾಕ್, ಪೂರ್ಣಗೊಂಡ ಪ್ರಮಾಣಪತ್ರ ಇವೆಲ್ಲ ಕಾಗದದ ಕಾಟ ಎಂದು ಮಾತಾಡುವವರು ಆ ದಿನವನ್ನು ಮರೆಯಬಾರದು. ಬಳಕೆಗೆ ಯೋಗ್ಯ ಎಂಬ ಪ್ರಮಾಣಪತ್ರ ಸಿಗುವ ಮೊದಲು ಅಂಗಡಿಯ ಬಾಗಿಲು ತೆರೆಯಬಾರದು ಎಂಬ ಒಂದೇ ನಿಯಮ ಜೀವ ಉಳಿಸುತ್ತದೆ.

ನೀರಿನ ಲೆಕ್ಕ ಬೇರೆ ಬಗೆಯದು, ಅಲ್ಲಿ ಒಳ್ಳೆಯದನ್ನೂ ಹೇಳಬೇಕು. ಅವಳಿನಗರಕ್ಕೆ ನೀರು ಬರುವುದು ಸವದತ್ತಿಯ ಮಲಪ್ರಭೆಯಿಂದ, ಹುಬ್ಬಳ್ಳಿಗೆ ನೀರಸಾಗರದ ಆಸರೆಯೂ ಉಂಟು. ಐದಾರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ಬರುವ ನಳಕ್ಕಾಗಿ ಇಡೀ ಮನೆ ತನ್ನ ವೇಳಾಪಟ್ಟಿ ಬದಲಿಸುತ್ತಿತ್ತು. ‘ನಳಾ ಬಂದಾವ’ ಎಂಬ ಕೂಗಿಗೆ ಮದುವೆ ಮನೆಯಿಂದಲೂ ಎದ್ದು ಓಡಿ ಬಂದ ಹೆಂಗಸರಿದ್ದಾರೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಿಗೆ ದಿನದ 24 ಗಂಟೆ ನೀರು ಬಂತು. ದೇಶದ ಬೇರೆ ಊರಿನವರು ಬಂದು ನೋಡಿ ಹೋದರು. ಅದರ ಫಲ ಅನುಭವಿಸಿದ ಮನೆಯಲ್ಲಿ ಕೇಳಿ, ಅಲ್ಲಿ ನೀರಿನ ಜೊತೆಗೆ ಹೊತ್ತೂ ಸಿಕ್ಕಿತು. ಹುಡುಗಿಯರ ಓದಿಗೆ ಹೊತ್ತು, ಕೂಲಿಗೆ ಹೋಗುವ ತಾಯಿಗೆ ಅರ್ಧ ದಿನದ ಪಗಾರ. ಆ ಗೆರೆ ಪಕ್ಕದ ಓಣಿಗೆ ದಾಟಲು ಮತ್ತೆ ಹತ್ತಾರು ವರ್ಷ ಹಿಡಿಯಿತು. ಒಂದೇ ಪಾಲಿಕೆ, ಒಂದೇ ಕರ, ರಸ್ತೆಯ ಈ ಬದಿಗೆ ನಿತ್ಯ ನೀರು, ಆ ಬದಿಗೆ ವಾರದ ನೀರು. ಯೋಜನೆ ಎಂಬುದು ಅಡುಗೆಮನೆಯ ಒಳಗೆ ಹೇಗೆ ಬಂದು ಕೂರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ನಮಗೆ ಗೊತ್ತಿಲ್ಲ.

ಇನ್ನು ಚಿಗರಿ ಬಸ್ಸು. 22 ಕಿಲೋಮೀಟರು ಉದ್ದದ ಬಿಆರ್‌ಟಿಎಸ್ ದಾರಿಯಲ್ಲಿ 2018ರ ಅಕ್ಟೋಬರಿನಲ್ಲಿ ಈ ಬಸ್ಸುಗಳು ಓಡತೊಡಗಿದವು, 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ವಿಧಿವತ್ತಾಗಿ ಉದ್ಘಾಟಿಸಿದರು. ಎರಡು ಊರುಗಳನ್ನು ಬೆಸೆಯಲು ಪಾಲಿಕೆಯ ವಿಲೀನಕ್ಕಿಂತ ಹೆಚ್ಚು ಮಾಡಿದ್ದು ಈ ಬಸ್ಸೇ ಎಂದರೆ ತಪ್ಪಾಗದು. ಹುಬ್ಬಳ್ಳಿಯಲ್ಲಿ ಕೆಲಸ, ಧಾರವಾಡದಲ್ಲಿ ಮನೆ ಇರುವ ಸಾವಿರಾರು ಮಂದಿಗೆ ಅದು ನಿತ್ಯದ ಆಸರೆ. ಆದರೆ ಆ ದಾರಿಗಾಗಿ ರಸ್ತೆಬದಿಯ ಹಳೆಯ ಮರಗಳು ಹೋದವು, ಅಂಗಡಿ ಮನೆಗಳ ಮುಂಭಾಗ ಹೋದವು. ಮಳೆಗಾಲ ಬಂದರೆ ಟೋಲ್‌ನಾಕಾದಲ್ಲಿ ರಸ್ತೆಯೇ ಕೆರೆ. ವರ್ಷಗಳ ಕಾಲ ಅವಳಿನಗರದ ಜನರನ್ನು ಹೊತ್ತ ಬೇಂದ್ರೆ ನಗರ ಸಾರಿಗೆಯ ಬಸ್ಸುಗಳು ಹೊಸ ವ್ಯವಸ್ಥೆಯಲ್ಲಿ ಜಾಗ ಸಿಗದೆ ತಗಾದೆಗೆ ಬಿದ್ದವು. ಮಾಳಮಡ್ಡಿಯ ಒಬ್ಬ ಅಜ್ಜಿಯ ಲೆಕ್ಕ ಇನ್ನೂ ಸರಳ. ಚಿಗರಿ ಹತ್ತಿದರೆ ಹುಬ್ಬಳ್ಳಿ ದೂರವಲ್ಲ, ಆದರೆ ಚಿಗರಿ ನಿಲ್ಲುವಲ್ಲಿಗೆ ಹೋಗುವುದೇ ದೂರ. ಕೋರ್ಟ್ ಸರ್ಕಲ್ಲಿನ ತನಕ ನಡೆಯಲು ಒಡೆಯದ ಕಾಲುದಾರಿ ಇಲ್ಲ. ಇದ್ದಲ್ಲಿ ಸ್ಕೂಟರು ನಿಂತಿರುತ್ತದೆ, ಇಲ್ಲವೇ ಗಟಾರದ ಕಲ್ಲು ಬಾಯಿ ತೆರೆದಿರುತ್ತದೆ. ರಸ್ತೆಯ ನಟ್ಟನಡುವಿನ ನಿಲ್ದಾಣಕ್ಕೆ ದಾಟುವಾಗ ಎರಡೂ ಕಡೆಯ ವಾಹನ ಬಿಡುವುದಿಲ್ಲ. ಕೋಟಿಗಟ್ಟಲೆ ಸುರಿದ ದಾರಿಯನ್ನು ಅವರ ಮನೆ ಬಾಗಿಲಿನಿಂದ ದೂರವಿಟ್ಟದ್ದು ಈ ಕಾಲುದಾರಿ. ಅದಕ್ಕೆ ಬೇಕಾಗುತ್ತಿದ್ದ ದುಡ್ಡು ಆ ಕೋಟಿಗಳ ಮುಂದೆ ಏನೂ ಅಲ್ಲ.

ಎರಡು ಊರುಗಳ ನಡುವಿನ ನೆಲದ ಮಾತನ್ನು ಬಿಡಲಾಗದು. ನವಲೂರ ಪೇರಲ ಎಂದರೆ ಧಾರವಾಡದವರಿಗೆ ಬೇರೆ ವಿವರಣೆ ಬೇಡ. ಅವಳಿನಗರ ಒಂದಾಗಬೇಕು ಎಂಬ ಆಸೆಯಲ್ಲಿ ನಕ್ಷೆಯ ಬಣ್ಣ ನವಲೂರು, ಸತ್ತೂರು, ರಾಯಾಪುರಗಳ ಕಡೆ ಹರಡಿತು. ತೋಟಗಳು ಕೃಷಿಯೇತರ, ಅಂದರೆ ಎನ್‌ಎ ಆದವು, ಎನ್‌ಎ ಆದದ್ದು ಪ್ಲಾಟಾಯಿತು. ಮಾಳಮಡ್ಡಿಯ ಬಾಗಿಲಿಗೆ ಬುಟ್ಟಿ ಹೊತ್ತು ಬರುತ್ತಿದ್ದ ಹಣ್ಣು ಅಪರೂಪವಾಯಿತು.

ಈ ಎಲ್ಲ ಗೆರೆಗಳನ್ನು ಎಳೆಯುವಾಗ ಓಣಿಯವರನ್ನು ಕೇಳಿದರೇ? ಕಾಯ್ದೆ ಕೇಳಬೇಕೆನ್ನುತ್ತದೆ. ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡಿಗೆ ಆಕ್ಷೇಪ ಹೇಳಲು 60 ದಿನ. ಒಂದು ಜಾಗವನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಿಸುವಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಕ್ಕೆ ಕಾಯಬೇಕು. ಆ ಪ್ರಕಟಣೆಯನ್ನು ನೀವು ಓದಿದ್ದೀರಾ? ಒಳಪುಟದ ಮೂಲೆ, ಇರುವೆಯಷ್ಟು ಅಕ್ಷರ, ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ. ಮನೆಯ ಎದುರೇ ಮಂಗಲ ಕಾರ್ಯಾಲಯ ಬರುತ್ತದೆಂದು ಆ ಭಾಷೆಯಿಂದ ತಿಳಿದುಕೊಳ್ಳುವುದು ವಕೀಲರಿಗೂ ಕಷ್ಟ. ತಿಳಿದರೂ ಎಲ್ಲಿಗೆ ಹೋಗಬೇಕು? ನಕ್ಷೆ ನವನಗರದ ಹುಡಾದಲ್ಲಿ, ಆಯುಕ್ತರು ಹುಬ್ಬಳ್ಳಿಯಲ್ಲಿ, ವಲಯ ಕಚೇರಿಯಲ್ಲಿ ಅಧಿಕಾರ ಅರ್ಧಮರ್ಧ. ಸ್ಮಾರ್ಟ್ ಸಿಟಿಗೆ ಅವಳಿನಗರ 2016ರಲ್ಲಿ ಆಯ್ಕೆಯಾದಾಗಲೂ ಉಣಕಲ್ ನಾಲೆ, ತೋಳನಕೆರೆ ಎಂದು ಕಣ್ಣಿಗೆ ಕಾಣುವ ಕೆಲಸ ಹುಬ್ಬಳ್ಳಿಯಲ್ಲೇ ಹೆಚ್ಚು ನಡೆಯಿತು. ಪ್ರತ್ಯೇಕ ಪಾಲಿಕೆಯ ಹೋರಾಟಕ್ಕೆ ಕಸುವು ಬಂದದ್ದು ಇಂಥ ನೋವುಗಳಿಂದ. ಇನ್ನೂ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. 2019ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು, ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಕಟ್ಟಡ ಕುಸಿದದ್ದು, ಚಿಗರಿ ಉದ್ಘಾಟನೆಯಾದದ್ದು, ಕೋವಿಡ್ ಬಂದು ಹೋದದ್ದು ಎಲ್ಲವೂ ಆ ಮೂರು ವರ್ಷಗಳಲ್ಲಿ ಇಲ್ಲವೇ ಅದರ ಅಂಚಿನಲ್ಲಿ. ಅಷ್ಟು ಕಾಲ ಓಣಿಯ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲುವ ಒಬ್ಬ ಸದಸ್ಯನೂ ಇರಲಿಲ್ಲ.

ಆದ್ದರಿಂದ ಪ್ರತ್ಯೇಕ ಪಾಲಿಕೆ ಬಂತೆಂದ ಮಾತ್ರಕ್ಕೆ ಪೇಢೆ ಹಂಚಲು ನಾವು ಸಿದ್ಧರಿಲ್ಲ. ಆಯುಕ್ತರ ಕುರ್ಚಿ ಇಪ್ಪತ್ತು ಕಿಲೋಮೀಟರು ಹತ್ತಿರ ಬರುತ್ತದೆ, ನಿಜ. ಆ ಕುರ್ಚಿಗೂ ಓಣಿಗೂ ನಡುವಿನ ದೂರ ಹಾಗೆಯೇ ಉಳಿದರೆ ಮಾಳಮಡ್ಡಿಗೆ ಬಂದ ಭಾಗ್ಯ ಏನೂ ಇಲ್ಲ. 1993ರಲ್ಲಿ ಜಾರಿಯಾದ ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿಗೆ ವಾರ್ಡ್ ಸಮಿತಿ ಇರಲೇಬೇಕೆಂದಿತು. ಹೊಸ ಪಾಲಿಕೆಯ ಮೊದಲ ಸಭೆಯ ಮೊದಲ ನಿರ್ಣಯ ಇದಾಗಬೇಕು. 26 ವಾರ್ಡ್‌ಗಳಿಗೂ ಸಮಿತಿ, ಅದರಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಹೆಂಗಸರು, ಪೌರಕಾರ್ಮಿಕರ ಮನೆಯವರು, ಬಾಡಿಗೆದಾರರು. ದೊಡ್ಡ ಕಟ್ಟಡಕ್ಕೆ ಅನುಮತಿ ಕೊಡುವ ಮುನ್ನ ಆ ಓಣಿಯ ಗಟಾರಕ್ಕೆ, ನಳಕ್ಕೆ ಅಷ್ಟು ಭಾರ ತಡೆಯುವ ಶಕ್ತಿ ಇದೆಯೇ ಎಂದು ಬರಹದಲ್ಲಿ ಹೇಳಿಸಬೇಕು. ಬಾವಿ, ದೊಡ್ಡ ಮರ ಉಳಿಸಿಕೊಂಡು ಕಟ್ಟುವವರಿಗೆ ಕರದಲ್ಲಿ ರಿಯಾಯಿತಿ ಕೊಡಲಿ. ಮೊದಲ ಬಜೆಟ್ಟಿನಲ್ಲಿ ರಸ್ತೆಗಿಂತ ಮುಂಚೆ ಕಾಲುದಾರಿಗೆ ಹಣ ತೆಗೆದಿಡಲಿ.

ಸಮಯ ಬಹಳ ಇಲ್ಲ. ಈಗ ನಮ್ಮ ಬದುಕನ್ನು ಆಳುವ ಮಹಾಯೋಜನೆ 2031ರದು. ಅದರ ಬೆನ್ನಿಗೆ ಇರುವುದು ಅವಳಿನಗರದಲ್ಲಿ 9.43 ಲಕ್ಷ ಜನರಿದ್ದಾರೆ ಎಂದ 2011ರ ಜನಗಣತಿ. ಹತ್ತು ವರ್ಷಕ್ಕೊಮ್ಮೆ ಯೋಜನೆಯನ್ನು ಪರಿಷ್ಕರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ, ಹೊಸ ಜನಗಣತಿಯ ತಲೆ ಎಣಿಕೆ 2027ಕ್ಕೆ ನಿಗದಿಯಾಗಿದೆ. ಮುಂದಿನ ಕರಡು ನಕ್ಷೆ ಹೊರಬಿದ್ದ ದಿನ 60 ದಿನಗಳ ಗಡಿಯಾರ ಓಡತೊಡಗುತ್ತದೆ. ಆ 60 ದಿನ ನಕ್ಷೆ ನವನಗರದ ಕಪಾಟಿನಲ್ಲಿ ಇರಬಾರದು. ಸರ್ವೆ ನಂಬರಿನ ಜೊತೆಗೆ ಓಣಿಯ ಹೆಸರು, ಶಾಲೆಯ ಹೆಸರು, ಗುಡಿಯ ಹೆಸರು ಕನ್ನಡದಲ್ಲಿ ಬರೆದು ಮಾಳಮಡ್ಡಿಯಲ್ಲೂ ಲಕ್ಷ್ಮೀಸಿಂಗನಕೇರಿಯಲ್ಲೂ ಜನ ನಿಂತು ಓದುವ ಎತ್ತರಕ್ಕೆ ತೂಗುಹಾಕಬೇಕು. ಅದರ ಪಕ್ಕ ಒಬ್ಬ ನೌಕರ ಕೂತು, ಬರೆಯಲು ಬಾರದವರ ಆಕ್ಷೇಪವನ್ನೂ ಬರೆದುಕೊಂಡು ರಸೀದಿ ಕೊಡಬೇಕು.